ಹಿಂದೆ ಸರಿಯಲು ಜಾಗವಿಲ್ಲದ ಕಡೆ: ಕ್ರಾಪ್ ಸೆನ್ಸರ್ ಕ್ಯಾಮೆರಾಕ್ಕೊಂದು ವೈಡ್ ಜೂಮ್

ಕ್ಯಾಮೆರಾದ ಜೊತೆಯಲ್ಲೇ ಬರುವ 18–55 ಮಿ.ಮೀ. ಕಿಟ್ ಲೆನ್ಸ್ ಹತ್ತು ಮೀಟರ್ ದೂರದಿಂದ ಹದಿಮೂರು ಮೀಟರ್ ಅಗಲವನ್ನು ಮಾತ್ರ ಚಿತ್ರದೊಳಗೆ ತರುತ್ತದೆ. ಅಲ್ಲೇ ನಿಂತು 10 ಮಿ.ಮೀ. ಲೆನ್ಸ್ ಹಾಕಿದರೆ ಇಪ್ಪತ್ತಮೂರೂವರೆ ಮೀಟರ್ ಸಿಗುತ್ತದೆ. ವೈಡ್ ಆ್ಯಂಗಲ್ ಜೂಮ್ ಕೊಳ್ಳಬೇಕೇ ಬೇಡವೇ, ಕೊಂಡರೆ ಯಾವುದು ಎಂಬ ಪ್ರಶ್ನೆಯೆಲ್ಲ ಈ ಎರಡು ಅಂಕಿಗಳ ನಡುವೆ ಇದೆ. ಲೆಕ್ಕವೂ ಸುಲಭ. ಸೆನ್ಸರಿನ ಅಗಲವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ, ಬಂದದ್ದನ್ನು ದೂರದಿಂದ ಗುಣಿಸಿದರೆ ಎಷ್ಟು ಅಗಲ ಹಿಡಿಸುತ್ತದೆಂಬುದು ಗೊತ್ತಾಗುತ್ತದೆ. ನಿಕಾನ್, ಸೋನಿ, ಫ್ಯೂಜಿಫಿಲ್ಮ್ ಕಂಪನಿಗಳ ಕ್ರಾಪ್ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, ಕ್ಯಾನನ್‌ನದು 22.3 ಮಿ.ಮೀ. ಹಾಗಾಗಿ 10 ಮಿ.ಮೀ. ಲೆನ್ಸ್ ಮೊದಲಿನವುಗಳಲ್ಲಿ ದೂರದ 2.35 ಪಟ್ಟು, ಕ್ಯಾನನ್‌ನಲ್ಲಿ 2.23 ಪಟ್ಟು ಅಗಲ ತೋರಿಸುತ್ತದೆ.

ಹಳೆಯ ಫಿಲ್ಮಿನ ಚೌಕಟ್ಟು, ಅಂದರೆ ಈಗಿನ ಫುಲ್ ಫ್ರೇಮ್, 36 ಮಿ.ಮೀ. ಅಗಲ. ಅದಕ್ಕೆ ಹೋಲಿಸಿದರೆ ಕ್ರಾಪ್ ಸೆನ್ಸರ್ ಒಂದೂವರೆ ಪಟ್ಟು ಚಿಕ್ಕದು, ಕ್ಯಾನನ್‌ನದು 1.6 ಪಟ್ಟು ಚಿಕ್ಕದು. ಲೆನ್ಸ್ ಬೀಳಿಸುವ ಬಿಂಬದ ಅಂಚುಗಳನ್ನು ಸೆನ್ಸರ್ ಕತ್ತರಿಸಿ ನಡುಭಾಗವನ್ನಷ್ಟೇ ಇಟ್ಟುಕೊಳ್ಳುತ್ತದೆ. ದೂರದ ಹಕ್ಕಿ ಹಿಡಿಯುವವರಿಗೆ ಇದು ಲಾಭ, ಅಗಲದ ನೋಟ ಬೇಕಾದವರಿಗೆ ನಷ್ಟ. ಫುಲ್ ಫ್ರೇಮ್‌ನವರು ಹೊಗಳುವ 16–35 ಮಿ.ಮೀ. ಲೆನ್ಸನ್ನು ಅದರ ಹೆಸರು ನೋಡಿ ಕ್ರಾಪ್ ಕ್ಯಾಮೆರಾಕ್ಕೆ ಕೊಂಡರೆ ಅದು 24–52 ಮಿ.ಮೀ.ನಂತೆ ವರ್ತಿಸುತ್ತದೆ. ಕಿಟ್ ಲೆನ್ಸ್‌ಗಿಂತ ಕೂದಲೆಳೆಯಷ್ಟು ಅಗಲ, ಅಷ್ಟೇ. ನಿಜವಾದ ಅಗಲ ಬೇಕಿದ್ದರೆ ಚಿಕ್ಕ ಸೆನ್ಸರಿಗೆಂದೇ ಮಾಡಿದ, 10, 11 ಅಥವಾ 12 ಮಿ.ಮೀ.ನಿಂದ ಶುರುವಾಗುವ ಜೂಮ್ ಬೇಕು.

ಯಾವ ಲೆನ್ಸ್ ಎಂಬ ಪ್ರಶ್ನೆಗೆ ಉತ್ತರ ಕ್ಯಾಟಲಾಗಿನಲ್ಲಿ ಇರುವುದಿಲ್ಲ, ಫೋಟೋ ತೆಗೆಯುವ ಊರಿನಲ್ಲಿ ಇರುತ್ತದೆ. ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ್, ತಾಂಡೂರ್‌ಗಳ ಕನ್ನಡ ಮನೆಗಳನ್ನೇ ತೆಗೆದುಕೊಳ್ಳಬಹುದು. 1956ರ ನವೆಂಬರ್ 1ರವರೆಗೆ ನಾರಾಯಣಖೇಡ್ ಮತ್ತು ಜಹೀರಾಬಾದ್ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು, ತಾಂಡೂರ್ ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ನಾರಾಯಣಖೇಡ್, ತಾಂಡೂರ್, ನಿರ್ಣಾ ವೃತ್ತವೊಂದನ್ನು ಬಿಟ್ಟು ಉಳಿದ ಜಹೀರಾಬಾದ್, ಜೊತೆಗೆ ಬೀದರ್ ತಾಲ್ಲೂಕಿನ ನ್ಯಾಲಕಲ್ ವೃತ್ತ ಆಗಿನ ಆಂಧ್ರ ಪ್ರದೇಶಕ್ಕೆ ಹೋದವು. ಗಡಿ ಸರಿದರೂ ಬೀಗತನ, ಜಾತ್ರೆ, ಉರುಸು ಸರಿಯಲಿಲ್ಲ. ಇಲ್ಲಿಯವರ ಕ್ಯಾಮೆರಾಕ್ಕೆ ಸಿಗುವುದು ಮೂರು ಬಗೆಯ ಜಾಗ: ಬೀದರಿನ ಕಟ್ಟಡಗಳು, ಮನೆಯೊಳಗಿನ ಮದುವೆ, ಬಯಲು. ವೈಡ್ ಲೆನ್ಸ್ ಮೊದಲನೆಯದರಲ್ಲಿ ಗೆಲ್ಲುತ್ತದೆ. ಎರಡನೆಯದರಲ್ಲಿ ಎಚ್ಚರ ತಪ್ಪಿದರೆ ಕೆಡಿಸುತ್ತದೆ. ಮೂರನೆಯದರಲ್ಲಿ ಬಹುಪಾಲು ಜನರನ್ನು ನಿರಾಸೆಗೊಳಿಸುತ್ತದೆ.

ಬೀದರಿನ ಮಹಮೂದ್ ಗವಾನನ ಮದರಸಾವನ್ನು ನೋಡೋಣ. 1472ರಲ್ಲಿ ಕಟ್ಟಿ ಮುಗಿಸಿದ ಈ ವಿದ್ಯಾಲಯದ ಮುಂಭಾಗ ಸುಮಾರು 205 ಅಡಿ, ಅಂದರೆ 62 ಮೀಟರ್ ಉದ್ದ. 17ನೆಯ ಶತಮಾನದ ಕೊನೆಯಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ದೊಡ್ಡ ಪಾಲು ಬಿದ್ದುಹೋಯಿತು. ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ, ಅದರ ಮೇಲೆ ಹಳೆಯ ಬಣ್ಣದ ಹೆಂಚುಗಳು ಇನ್ನೂ ಅಲ್ಲಲ್ಲಿ ಅಂಟಿಕೊಂಡಿವೆ. ಇಡೀ ಮುಂಭಾಗ ಒಂದೇ ಚಿತ್ರದಲ್ಲಿ ಬರಬೇಕಾದರೆ 18 ಮಿ.ಮೀ. ಇಟ್ಟುಕೊಂಡು 48 ಮೀಟರ್ ಹಿಂದೆ ಹೋಗಬೇಕು. 12 ಮಿ.ಮೀ.ಗೆ 32 ಮೀಟರ್ ಸಾಕು, 10ಕ್ಕೆ 27. ಇದು ಹಳೇ ಊರಿನೊಳಗಿನ ಕಟ್ಟಡ, ಚೌಬಾರ ಎಂಬ ಗೋಪುರದಿಂದ ಕೋಟೆಗೆ ಹೋಗುವ ದಾರಿಯಲ್ಲಿದೆ. ಹಿಂದೆ ಹೋದಷ್ಟೂ ರಸ್ತೆ, ತಂತಿ, ವಾಹನ ನಡುವೆ ಬರುತ್ತವೆ. ಹತ್ತಿರ ನಿಂತು ಪೂರ್ತಿ ಹಿಡಿಯುವ ಲೆನ್ಸ್ ಅವೆಲ್ಲವನ್ನೂ ತನ್ನ ಬೆನ್ನ ಹಿಂದೆ ಬಿಡುತ್ತದೆ. ವೈಡ್ ಲೆನ್ಸಿನ ದೊಡ್ಡ ಉಪಕಾರ ಇದೇ.

ಅದೇ ಮದರಸಾದ ಒಳಗಿನ ಅಂಗಳಕ್ಕೆ ಬಂದರೆ ಲೆಕ್ಕ ಬೇರೆ. ಅದು ಸುಮಾರು 100 ಅಡಿ ಚೌಕ. ಒಂದು ಬದಿಗೆ ಆತು ನಿಂತರೆ ಎದುರಿನ ಬದಿ 30 ಮೀಟರ್ ದೂರ, 30 ಮೀಟರ್ ಅಗಲ. ಅಲ್ಲಿಂದ 18 ಮಿ.ಮೀ. ಲೆನ್ಸ್ 39 ಮೀಟರ್ ಹಿಡಿಯುತ್ತದೆ. ಕಿಟ್ ಲೆನ್ಸೇ ಸಾಕು, ಇನ್ನೂ ಜಾಗ ಮಿಗುತ್ತದೆ. ಅಂಗಳ ದೊಡ್ಡದೆಂದು ಕಂಡಲ್ಲೆಲ್ಲ ವೈಡ್ ಲೆನ್ಸ್ ಹಾಕುವುದು ರೂಢಿ. ಆದರೆ ಲೆನ್ಸ್ ಬೇಕೋ ಬೇಡವೋ ಎಂಬುದನ್ನು ಕಟ್ಟಡದ ಗಾತ್ರ ಹೇಳುವುದಿಲ್ಲ, ಅದರ ಗಾತ್ರಕ್ಕೆ ತಕ್ಕ ದೂರ ಸಿಗುತ್ತದೋ ಇಲ್ಲವೋ ಎಂಬುದು ಹೇಳುತ್ತದೆ. ಕೋಟೆಯೊಳಗಿನ ರಂಗೀನ್ ಮಹಲ್ ಇದಕ್ಕೆ ತಿರುವುಮುರುವು. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕುಸುರಿ, ಕೆತ್ತಿದ ಮರದ ಕಂಬಗಳು. ಕೋಣೆಗಳು ಮಾತ್ರ ಸಣ್ಣವು. ಅಲ್ಲಿ ನಾಲ್ಕು ಹೆಜ್ಜೆ ಹಿಂದೆ ಇಟ್ಟರೆ ಬೆನ್ನಿಗೆ ಗೋಡೆ ತಾಗುತ್ತದೆ.

ಜೂಮಿನ ಎರಡು ತುದಿಗಳಲ್ಲಿ ನೋಡಬೇಕಾದ್ದು ಅಗಲದ ತುದಿಯನ್ನು. 53 ಮತ್ತು 55 ಮಿ.ಮೀ.ಗಳ ನಡುವೆ ನೋಟದ ಕೋನದಲ್ಲಿ ಒಂದು ಡಿಗ್ರಿಯಷ್ಟು ಮಾತ್ರ ವ್ಯತ್ಯಾಸ. ಅದೇ ಎರಡು ಮಿಲಿಮೀಟರು 10 ಮತ್ತು 12ರ ನಡುವೆ ಬಂದರೆ ಹತ್ತು ಡಿಗ್ರಿ: 10ರಲ್ಲಿ ಅಡ್ಡಗಲ ಸುಮಾರು 99 ಡಿಗ್ರಿ, 12ರಲ್ಲಿ 89, 18ರಲ್ಲಿ 66. ಇನ್ನೊಂದು ತುದಿ 18ಕ್ಕೆ ನಿಂತರೂ 24ಕ್ಕೆ ನಿಂತರೂ ನಷ್ಟ ದೊಡ್ಡದಲ್ಲ, ಏಕೆಂದರೆ ಅಲ್ಲಿಂದ ಮುಂದಕ್ಕೆ ಕಿಟ್ ಲೆನ್ಸ್ ಇದ್ದೇ ಇದೆ. 10–18ಕ್ಕಿಂತ 12–28 ಉದ್ದ ಜೂಮ್, ಹೆಚ್ಚು ಅನುಕೂಲ ಎಂದು ತೋರಬಹುದು. ದಿನವೆಲ್ಲ ಲೆನ್ಸ್ ಬದಲಿಸದೆ ಓಡಾಡುವವರಿಗೆ, ವಿಡಿಯೊ ಮಾಡುವವರಿಗೆ ಅದು ನಿಜವೂ ಹೌದು. ಇಕ್ಕಟ್ಟಿನ ಕೋಣೆಗೆಂದು ಕೊಳ್ಳುವವರು ಮಾತ್ರ ಆ ಎರಡು ಮಿಲಿಮೀಟರನ್ನು ಬಿಟ್ಟುಕೊಡಬಾರದು.

ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಬಹುದು. ಈಗಿನ ಬಹುತೇಕ ಫೋನುಗಳಲ್ಲಿ 0.5 ಅಥವಾ 0.6 ಎಂದು ತೋರಿಸುವ ಅಗಲ ಕ್ಯಾಮೆರಾ ಇರುತ್ತದೆ. 0.6ರ ನೋಟ ಕ್ರಾಪ್ ಕ್ಯಾಮೆರಾದ 10 ಮಿ.ಮೀ.ಗೆ ಬಹಳ ಹತ್ತಿರ, 0.5 ಇನ್ನೂ ತುಸು ಅಗಲ. ಒಂದು ತಿಂಗಳು ಆ ನೋಟದಲ್ಲೇ ಮನೆ, ಗುಡಿ, ಹೊಲ ತೆಗೆದು ನೋಡಿದರೆ ಅದು ಕಣ್ಣಿಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ. ಹಳೆಯ ಫೋಟೋಗಳ ಮಾಹಿತಿಯನ್ನೂ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಹೆಚ್ಚಿನವು 18 ಮಿ.ಮೀ.ನಲ್ಲಿ ತೆಗೆದವಾಗಿದ್ದರೆ ಕ್ಯಾಮೆರಾ ಹಿಡಿದವರು ಗೋಡೆಗೆ ಬೆನ್ನು ಒತ್ತಿಕೊಂಡು ನಿಂತಿದ್ದರು ಎಂದರ್ಥ. 30, 40ರಲ್ಲೇ ಹೆಚ್ಚು ಇದ್ದರೆ ಹಣವನ್ನು ಬೇರೆ ಲೆನ್ಸಿಗೆ ಇಡುವುದು ಒಳ್ಳೆಯದು.

ಇನ್ನು ಮದುವೆ ಮನೆ. ಅಂಗಳದಲ್ಲಿ ಹಂದರ, ಅದರ ಕೆಳಗೆ ಮದುಮಕ್ಕಳು, ಎರಡು ಕಡೆಯ ಬೀಗರು, ಅಕ್ಕಿಕಾಳು ಹಿಡಿದು ನಿಂತ ನೆಂಟರು. ನಾಲ್ಕು ಮೀಟರ್ ದೂರದಿಂದ 18 ಮಿ.ಮೀ. ಲೆನ್ಸಿಗೆ ಐದು ಮೀಟರಿನ ಸಾಲು ಸಿಗುತ್ತದೆ, 10ಕ್ಕೆ ಒಂಬತ್ತು ಮೀಟರಿಗೂ ಮೇಲೆ. ಎಲ್ಲರೂ ಬಂದರು ಎಂಬ ಸಮಾಧಾನದಲ್ಲಿ ತೆಗೆದ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಸಾಲಿನ ತುದಿಯಲ್ಲಿ ನಿಂತ ಸೋದರತ್ತೆಯ ಮುಖ ಅಡ್ಡಕ್ಕೆ ಎಳೆದಂತೆ ಕಾಣುತ್ತದೆ. ಲೆನ್ಸ್ ಕೆಟ್ಟಿಲ್ಲ. ನೇರ ಗೆರೆಯನ್ನು ನೇರವಾಗಿಯೇ ತೋರಿಸುವ ಯಾವ ಲೆನ್ಸಾದರೂ ಅಂಚಿನ ಗುಂಡು ವಸ್ತುವನ್ನು ಹೊರಕ್ಕೆ ಎಳೆಯಲೇಬೇಕು, ಇದು ರೇಖಾಗಣಿತ. 18 ಮಿ.ಮೀ.ನ ಅಡ್ಡ ಅಂಚಿನಲ್ಲಿ ಮುಖ ಎತ್ತರಕ್ಕಿಂತ ಸುಮಾರು 1.2 ಪಟ್ಟು ಅಗಲವಾಗುತ್ತದೆ, ಕಣ್ಣು ಅದನ್ನು ಸಹಿಸಿಕೊಳ್ಳುತ್ತದೆ. 10 ಮಿ.ಮೀ.ನಲ್ಲಿ 1.5 ಪಟ್ಟು. ಅದನ್ನು ಯಾವ ಅತ್ತೆಯೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದ್ದರಿಂದ ಜನರಿರುವ ಚಿತ್ರದಲ್ಲಿ ಅಗಲವನ್ನು 14, 15 ಮಿ.ಮೀ.ಗೆ ನಿಲ್ಲಿಸಿ, ಸಾಲನ್ನು ಅರ್ಧಚಂದ್ರದಂತೆ ಒಳಕ್ಕೆ ಬಾಗಿಸಿ, ಅಂಚುಗಳಲ್ಲಿ ಕಂಬ, ಬಾಳೆಗಿಡ, ತೋರಣ ಬರುವಂತೆ ಬಿಡಬೇಕು. 10 ಮಿ.ಮೀ. ಇರುವುದು ಹಂದರಕ್ಕೆ, ಊಟದ ಪಂಕ್ತಿಗೆ. ಒಂದೇ ಫೋಕಲ್ ಲೆಂತ್‌ನ ವೈಡ್ ಲೆನ್ಸ್‌ಗಿಂತ ಜೂಮ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಕಾರಣಕ್ಕೆ. ಅಗಲದಿಂದ ಹಿಂದೆ ಬರಲು ಒಂದು ದಾರಿ ಅದರಲ್ಲಿ ಇರುತ್ತದೆ.

ಅಂಚಿನ ಎಳೆತದಷ್ಟೇ ದೊಡ್ಡದು ಬಾಗಿಸುವುದರ ಪರಿಣಾಮ. ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆ ಎತ್ತಿದರೂ ಮಿನಾರು ಹಿಂದಕ್ಕೆ ವಾಲುತ್ತದೆ, ಗೋಡೆಗಳು ಮೇಲೆ ಕೂಡಿಕೊಳ್ಳುತ್ತವೆ. ಉದ್ದ ಲೆನ್ಸಿನಲ್ಲಿ ಗಮನಕ್ಕೇ ಬರದ ಇದು ವೈಡ್ ಲೆನ್ಸಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಮದರಸಾದ ಮಿನಾರು ಸುಮಾರು 130 ಅಡಿ. ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಎಳ್ಳಷ್ಟೂ ಬಾಗಿಸದೆ, 10 ಮಿ.ಮೀ.ನಲ್ಲಿ 32 ಮೀಟರ್ ದೂರ ನಿಂತರೆ ಅದರ ತುದಿ ಚೌಕಟ್ಟಿನ ಮೇಲಂಚಿಗೆ ಸರಿಯಾಗಿ ಬರುತ್ತದೆ. ಕೆಳಗಿನ ಅರ್ಧವೆಲ್ಲ ನೆಲ. ಅದನ್ನು ಆಮೇಲೆ ಕತ್ತರಿಸಿ ತೆಗೆದರೆ ಮಿನಾರು ನೆಟ್ಟಗೆ ಉಳಿಯುತ್ತದೆ. 18 ಮಿ.ಮೀ.ನಲ್ಲಿ ಇದೇ ಕೆಲಸಕ್ಕೆ 58 ಮೀಟರ್ ಬೇಕು.

ಬಾಗಿಸುವ ವಿಷಯದಲ್ಲಿ ಜಹೀರಾಬಾದಿನ ಹಳ್ಳಿಗಳಿಂದಲೇ ಬಂದ ಒಂದು ಪಾಠವಿದೆ. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದ ಪಿ.ವಿ. ಸತೀಶ್ ಅವರು ಗೆಳೆಯರೊಡನೆ 1983ರಲ್ಲಿ ಇಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದರು. ಪಸ್ತಾಪುರ, ಮಾಚನೂರು ಸುತ್ತಿನ ದಲಿತ ಮಹಿಳೆಯರ ಸಂಘಗಳು ಸಿರಿಧಾನ್ಯದ ಬೇಸಾಯಕ್ಕೆ ಹೆಸರಾದವು. ಅಕ್ಷರ ಕಲಿಯದ ಹೆಂಗಸರೂ ವಿಡಿಯೊ ಕ್ಯಾಮೆರಾ ಕೈಗೆ ತೆಗೆದುಕೊಂಡು ಸಿನಿಮಾ ಮಾಡಿದರು. ಶಾಟ್‌ಗಳಿಗೆ ಅವರು ಇಟ್ಟ ಹೆಸರುಗಳು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಮೇಲಿನಿಂದ ಕೆಳಗೆ ನೋಡುವುದು ಪಟೇಲ್ ಶಾಟ್, ಏಕೆಂದರೆ ಊರ ಪಟೇಲ ತಮ್ಮನ್ನು ನೋಡುತ್ತಿದ್ದುದು ಹಾಗೆ. ಕೆಳಗಿನಿಂದ ಮೇಲೆ ನೋಡುವುದಕ್ಕೆ ಜೀತದಾಳಿನ ಶಾಟ್ ಎಂಬರ್ಥದ ಹೆಸರು. ಕಣ್ಣಿಗೆ ಕಣ್ಣು ಸಮನಾಗಿ ನೋಡುವುದು ಸಂಘಂ ಶಾಟ್, ಸಂಘದಲ್ಲಿ ಎಲ್ಲರೂ ಒಂದೇ ಎತ್ತರದಲ್ಲಿ ಕೂರುತ್ತಾರಲ್ಲ, ಅದಕ್ಕೆ. ಸತೀಶ್ 2023ರಲ್ಲಿ ತೀರಿಕೊಂಡರು. ಈ ಹೆಸರುಗಳು ಮಾತ್ರ ಕ್ಯಾಮೆರಾ ಹಿಡಿಯುವ ಎಲ್ಲರಿಗೂ ಬೇಕಾದವು.

ವೈಡ್ ಲೆನ್ಸ್ ಈ ಮೂರನ್ನೂ ಹಿಗ್ಗಿಸಿ ಹೇಳುತ್ತದೆ. ನಿಂತಲ್ಲಿಂದ ಕೆಳಗೆ ಬಾಗಿಸಿ ಕೂತವರನ್ನು ತೆಗೆದರೆ ತಲೆ ದೊಡ್ಡದಾಗಿ ಕಾಲು ಚಿಕ್ಕದಾಗಿ ಮನುಷ್ಯರು ಕುಗ್ಗಿಹೋಗುತ್ತಾರೆ. 55 ಮಿ.ಮೀ.ನಲ್ಲಿ ಸಣ್ಣದಾಗಿ ಕಾಣುವ ಈ ಅಗೌರವ 10 ಮಿ.ಮೀ.ನಲ್ಲಿ ಎದ್ದು ಕಾಣುತ್ತದೆ. ಬೀಜ ಆರಿಸುತ್ತಿರುವ ಮಹಿಳೆಯ ಎದುರು ತಾನೂ ನೆಲಕ್ಕೆ ಕೂತು, ಕ್ಯಾಮೆರಾವನ್ನು ಅವಳ ಎದೆಯ ಮಟ್ಟಕ್ಕೆ ಇಟ್ಟು, ಒಂದು ಮೀಟರಿನಷ್ಟು ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೊರ, ಕೈ, ಮುಖ, ಹಿಂದಿನ ಗೋಡೆಗೆ ತೂಗುಹಾಕಿದ ತೆನೆಗಳು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ.

ಬಯಲಿನ ಕಷ್ಟವೂ ಇಲ್ಲಿಗೇ ಸೇರುತ್ತದೆ. ತಾಂಡೂರಿನ ತೊಗರಿ ಹೊಲ, ನಾರಾಯಣಖೇಡದ ಕಡೆಯ ಮಂಜೀರಾ ದಂಡೆ, ಜಹೀರಾಬಾದಿನ ಕೆಂಪು ನೆಲ ಎಲ್ಲವೂ ಕಣ್ಣಿಗೆ ಅಪಾರವಾಗಿ ಕಾಣುತ್ತವೆ. ಅಪಾರವಾದದ್ದಕ್ಕೆ ಅಗಲದ ಲೆನ್ಸ್ ಎಂದು ಮನಸ್ಸು ಸಹಜವಾಗಿ ಹೇಳುತ್ತದೆ. ಚಿತ್ರದಲ್ಲಿ ಬರುವುದು ಮೇಲೊಂದು ಬಿಳಿ ಪಟ್ಟಿ, ಕೆಳಗೊಂದು ಕಂದು ಪಟ್ಟಿ, ನಡುವೆ ಹೇನಿನಷ್ಟು ದೊಡ್ಡ ಮರ. ಈ ಲೆನ್ಸ್ ದೂರದ್ದನ್ನೆಲ್ಲ ಚಿಕ್ಕದು ಮಾಡಿ ಹತ್ತಿರದ್ದನ್ನು ದೊಡ್ಡದು ಮಾಡುತ್ತದೆ. ಬಯಲಿನಲ್ಲಿ ಹತ್ತಿರದ್ದೆಂಬುದು ತಾನಾಗಿ ಸಿಗುವುದಿಲ್ಲ, ಹುಡುಕಬೇಕು. 2022ರ ಕೊನೆಯಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತಾಂಡೂರು ತೊಗರಿಯ ಹೊಲವನ್ನು ಎದೆಯೆತ್ತರದಿಂದ ತೆಗೆದರೆ ಅದು ಯಾವ ಹೊಲವೂ ಆಗಬಹುದು. ಅರಳಿದ ಹಳದಿ ಹೂವಿನ ಒಂದು ಗೊಂಚಲಿಗೆ ಒಂದು ಗೇಣು ಹತ್ತಿರ ಹೋದರೆ ಗೊಂಚಲು ಮುಂದೆ, ಸಾಲುಗಳು ಅದರ ಹಿಂದೆ ಓಡುತ್ತ ಒಂದು ಬಿಂದುವಿಗೆ ಕೂಡುವುದು ಕಾಣುತ್ತದೆ. ಸಂಕ್ರಾಂತಿಯ ಹೊತ್ತಿಗೆ ಶುರುವಾಗಿ ಸುಮಾರು ಒಂದು ತಿಂಗಳು ಊರೂರು ಸುತ್ತುವ ಸೊಸೈಟಿಯ ಪಾತ ಪಂಟಲ ಜಾತರದಲ್ಲಿ, ಅಂದರೆ ಹಳೆಯ ಬೆಳೆಗಳ ಜಾತ್ರೆಯಲ್ಲಿ, ಬೀಜ ಹೇರಿಕೊಂಡ ಸಿಂಗಾರದ ಬಂಡಿಗಳ ಸಾಲಿಗೂ ಇದೇ ಮಾತು. ಮೊದಲ ಬಂಡಿಯ ಎತ್ತಿನ ಕೊಂಬಿನ ಹತ್ತಿರ ನಿಂತರೆ ಮಾತ್ರ ಮೆರವಣಿಗೆ ಉದ್ದವಾಗುತ್ತದೆ.

ತಾಂಡೂರಿನ ಕಲ್ಲುಗಣಿ ಇದಕ್ಕೆ ಅಪವಾದ. ಅಲ್ಲಿ ಸುಣ್ಣಕಲ್ಲು ಪದರ ಪದರವಾಗಿ ಮಲಗಿದೆ. ನೀಲಿ, ಹಳದಿ ಚಪ್ಪಡಿಗಳನ್ನು ಎಬ್ಬಿಸಿ ಅಂಚು ಕೊಯ್ದು ನಿಲ್ಲಿಸಿರುತ್ತಾರೆ. ಗಣಿಯ ಅಂಚಿನಲ್ಲಿ ನಿಂತವರಿಗೆ ಹಿಂದೆ ಹೋಗುವ ಜಾಗವೂ ಇಲ್ಲ, ಮುಂದೆ ಹೋಗುವಂತೆಯೂ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೆರೆಗಳು ತಾವೇ ಕಣ್ಣನ್ನು ಒಳಗೆ ಕರೆದೊಯ್ಯುತ್ತವೆ. ಆದರೆ ಗಣಿಯಲ್ಲಿ ಲೆನ್ಸ್ ಬಿಚ್ಚಿ ಹಾಕುವುದು ಬೇಡ. ಆ ಬಿಳಿ ಹುಡಿ ಸೆನ್ಸರಿನ ಮೇಲೆ ಕೂತರೆ ಆಕಾಶದಲ್ಲೆಲ್ಲ ಚುಕ್ಕೆಗಳು. ಮನೆಯಲ್ಲೇ ಲೆನ್ಸ್ ಹಾಕಿಕೊಂಡು ಹೋಗಬೇಕು. ಇಂಥ ಕಡೆ ಹೆಚ್ಚು ಓಡಾಡುವವರಿಗೆ ಧೂಳು, ತೇವ ತಡೆಯುವ ಬಿಗಿ ಕಟ್ಟಿನ ಲೆನ್ಸ್ ಬೇಕು. ಫ್ಯೂಜಿಯ 10–24 ಎಫ್/4ರ 2020ರ ಆವೃತ್ತಿ, ಸೋನಿಯ 10–20 ಎಫ್/4, ಟ್ಯಾಮ್ರಾನ್ 11–20 ಎಫ್/2.8 ಅಂಥವು.

ಅಪರ್ಚರ್ ಎಷ್ಟಿರಬೇಕು ಎಂಬುದರ ಮೇಲೆ ಬೆಲೆ, ತೂಕ ಎರಡೂ ನಿಂತಿವೆ. ಭೂದೃಶ್ಯಕ್ಕೆ, ಕಟ್ಟಡಕ್ಕೆ ದೊಡ್ಡ ಅಪರ್ಚರ್ ಬೇಕಿಲ್ಲ. 10 ಮಿ.ಮೀ.ನಲ್ಲಿ ಎಫ್/8 ಇಟ್ಟು ಎರಡಡಿ ದೂರಕ್ಕಿಂತ ತುಸು ಆಚೆ ಫೋಕಸ್ ಮಾಡಿದರೆ ಒಂದಡಿಯಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಎಫ್/11 ದಾಟಿ ಮುಚ್ಚುವುದರಿಂದ ಲಾಭವಿಲ್ಲ, ಬೆಳಕು ಬಾಗಿ ಚಿತ್ರ ಮೆತ್ತಗಾಗುತ್ತದೆ. ಪ್ರಶ್ನೆ ಬರುವುದು ಕತ್ತಲಲ್ಲಿ. ಬೀದರಿನ ಹೊರಗೆ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿಯಿದೆ. ಲಿಂಗಾಯತ ಭಕ್ತರು ಅವನನ್ನು ಅಲ್ಲಮಪ್ರಭುವೆಂದೇ ನಂಬಿ ನಡೆದುಕೊಳ್ಳುತ್ತಾರೆ. ಆ ಗುಮ್ಮಟದ ಒಳಮೈಯೆಲ್ಲ ಬಣ್ಣದ ಚಿತ್ತಾರ, ಆದರೆ ಬೆಳಕು ಬಾಗಿಲಿನಿಂದಷ್ಟೇ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು. ಗೋಡೆಯ ಚಿತ್ರಗಳ ಮೇಲೆ ಫ್ಲ್ಯಾಶ್ ಹಾಕುವುದು ತಪ್ಪು.

ಇಲ್ಲಿ ಉಪಯೋಗಕ್ಕೆ ಬರುವುದು ಎಫ್/2.8 ಅಲ್ಲ, ಲೆನ್ಸಿನೊಳಗಿನ ಅಲುಗಾಟ ತಡೆ. ಚಿತ್ತಾರ ಅಲುಗುವುದಿಲ್ಲ, ಕೈ ಅಲುಗುತ್ತದೆ. 10 ಮಿ.ಮೀ.ನಲ್ಲಿ ಬರಿಗೈಯಲ್ಲೇ ಸೆಕೆಂಡಿನ ಹದಿನೈದನೇ ಒಂದು ಭಾಗದವರೆಗೆ ಹೋಗಬಹುದು. ಅಲುಗಾಟ ತಡೆ ಇದ್ದರೆ ಅರ್ಧ ಸೆಕೆಂಡಿನ ಹತ್ತಿರಕ್ಕೂ ಇಳಿಯಬಹುದು. ಝರಾಸಂಗಮದ ಕೇತಕಿ ಸಂಗಮೇಶ್ವರದಲ್ಲಿ ಶಿವರಾತ್ರಿಯ ರಾತ್ರಿ ನೂಕುನುಗ್ಗಲಿನಲ್ಲಿ ಸಾಗುವ ಜನ, ಪಲ್ಲಕ್ಕಿ, ದೀಪ ಎಂದರೆ ಮಾತು ಬೇರೆ. ಅಲುಗಾಟ ತಡೆ ಜನರ ಓಡಾಟವನ್ನು ನಿಲ್ಲಿಸಲಾರದು, ಅಲ್ಲಿ ಎಫ್/2.8 ಬೇಕು. ಎಫ್/5.6ಕ್ಕೆ ಹೋಲಿಸಿದರೆ ಅದು ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಯಾವುದನ್ನು ಹೆಚ್ಚು ತೆಗೆಯುತ್ತೇವೆ, ಕಲ್ಲನ್ನೋ ಜನರನ್ನೋ ಎಂಬುದೊಂದು ಗೊತ್ತಿದ್ದರೆ ಅಂಗಡಿಯಲ್ಲಿನ ಅರ್ಧ ಚರ್ಚೆ ಮುಗಿದಂತೆ.

ಉಳಿದದ್ದು ಕ್ಯಾಮೆರಾದ ಬಾಯಿಗೆ ಹೊಂದುವುದು. ಕನ್ನಡಿಯಿರುವ ಡಿಎಸ್ಎಲ್ಆರ್‌ಗಳಲ್ಲಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರಿಗೆ ಕ್ಯಾನನ್‌ನಲ್ಲಿ 44 ಮಿ.ಮೀ., ನಿಕಾನ್‌ನಲ್ಲಿ 46.5 ಮಿ.ಮೀ. ಅಂತರವಿದೆ. ಹತ್ತು ಮಿಲಿಮೀಟರಿನ ಲೆನ್ಸ್ ಅಷ್ಟು ಹಿಂದಕ್ಕೆ ಬಿಂಬ ಬೀಳಿಸಬೇಕಾದರೆ ದೂರದರ್ಶಕವನ್ನು ತಿರುಗಿಸಿ ಇಟ್ಟಂಥ ರಚನೆ ಬೇಕು. 1950ರಲ್ಲಿ ಫ್ರಾನ್ಸಿನ ಪಿಯೆರ್ ಆಂಜೆನಿಯು ಇಂಥ ಲೆನ್ಸನ್ನು ಸ್ಥಿರಚಿತ್ರದ ಕ್ಯಾಮೆರಾಕ್ಕೆ ತಂದರು. ಮುಂದೆ ದೊಡ್ಡ ಉಬ್ಬು ಗಾಜು, ಒಳಗೆ ಹತ್ತಾರು ತುಣುಕು. ಹಳೆಯ ವೈಡ್ ಜೂಮ್‌ಗಳು ಭಾರವಾಗಿದ್ದುದು ಅದಕ್ಕೆ. ಕನ್ನಡಿಯಿಲ್ಲದ ಈಗಿನ ಕ್ಯಾಮೆರಾಗಳಲ್ಲಿ ಆ ಅಂತರ 16ರಿಂದ 20 ಮಿ.ಮೀ.ಗೆ ಇಳಿದಿದೆ, ಲೆನ್ಸ್‌ಗಳೂ ಕುಗ್ಗಿವೆ. 2004ರ ಕ್ಯಾನನ್ 10–22 ತೂಗುತ್ತಿದ್ದುದು 385 ಗ್ರಾಂ. 2023ರಲ್ಲಿ ಬಂದ ಕ್ಯಾನನ್ ಆರ್ಎಫ್-ಎಸ್ 10–18 ಬರೀ 150 ಗ್ರಾಂ. ಅದರ ಅಪರ್ಚರ್ ಚಿಕ್ಕದು, ಅಂಚಿನ ಗೆರೆಗಳನ್ನು ನೆಟ್ಟಗೆ ಮಾಡುವ ಕೆಲಸದ ಬಹುಪಾಲನ್ನು ಕ್ಯಾಮೆರಾದ ಸಾಫ್ಟ್‌ವೇರ್‌ಗೆ ಬಿಟ್ಟಿದೆ ಎಂಬುದನ್ನೂ ಸೇರಿಸಿ ಹೇಳಬೇಕು.

ಕ್ಯಾನನ್ ಡಿಎಸ್ಎಲ್ಆರ್ ಇರುವವರಿಗೆ 2014ರ ಇಎಫ್-ಎಸ್ 10–18 ಇವತ್ತಿಗೂ ಒಳ್ಳೆಯ ಆಯ್ಕೆ. 240 ಗ್ರಾಂ ತೂಕ, ಅಲುಗಾಟ ತಡೆ ಇದೆ, ಬಳೆ ಪ್ಲಾಸ್ಟಿಕ್ಕಿನದು. ನಿಕಾನ್‌ನಲ್ಲಿ ಅದಕ್ಕೆ ಜೋಡಿ 2017ರ ಎಎಫ್-ಪಿ 10–20, 230 ಗ್ರಾಂ. ಇದರಲ್ಲೊಂದು ಎಚ್ಚರಿಕೆ: ಡಿ90, ಡಿ7000, ಡಿ5100, ಡಿ3200ದಂಥ ಹಳೆಯ ಕ್ಯಾಮೆರಾಗಳಲ್ಲಿ ಈ ಲೆನ್ಸ್ ಫೋಕಸ್ಸೇ ಆಗುವುದಿಲ್ಲ. ಅವಕ್ಕೆ 2009ರ ಎಎಫ್-ಎಸ್ 10–24 ಸರಿ. ಮದುವೆ, ಜಾತ್ರೆಯವರು ಬಹುಕಾಲ ಮೆಚ್ಚಿದ್ದು ಟೋಕಿನಾದ 11–16 ಎಫ್/2.8. ಅದರ ಮೊದಲ ಆವೃತ್ತಿಯಲ್ಲಿ ನಿಕಾನ್‌ಗೆ ಮೋಟಾರು ಇಲ್ಲ. ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಕನ್ನಡಿಯಿಲ್ಲದ ಕ್ಯಾಮೆರಾಗಳಿಗೆ 2021ರ ಟ್ಯಾಮ್ರಾನ್ 11–20 ಎಫ್/2.8 ಮತ್ತು 2023ರ ಸಿಗ್ಮಾ 10–18 ಎಫ್/2.8 ಎದುರುಬದುರು ನಿಲ್ಲುತ್ತವೆ. ಎರಡರಲ್ಲೂ ಅಲುಗಾಟ ತಡೆ ಇಲ್ಲ. ಮೇಲಿನ ಲೆಕ್ಕದ ಪ್ರಕಾರ ಸಿಗ್ಮಾದ ಆ ಒಂದು ಮಿಲಿಮೀಟರಿಗೆ ಬೆಲೆಯಿದೆ, ಧೂಳಿನ ವಿಷಯದಲ್ಲಿ ಟ್ಯಾಮ್ರಾನ್‌ಗೆ.

ಫಿಲ್ಟರುಗಳ ಬಗ್ಗೆ ಒಂದೇ ಮಾತು. ಆಕಾಶವನ್ನು ಕಡುನೀಲಿ ಮಾಡುವ ಪೋಲರೈಸರನ್ನು ವೈಡ್ ಲೆನ್ಸಿಗೆ ಹಾಕಿದರೆ ಆಕಾಶದ ಒಂದು ಕಡೆ ಕಪ್ಪಾಗಿ ಇನ್ನೊಂದು ಕಡೆ ಬಿಳಿಯಾಗಿ ಉಳಿಯುತ್ತದೆ, ಏಕೆಂದರೆ ಅದರ ಪರಿಣಾಮ ಆಕಾಶದ ಆ ಭಾಗ ಸೂರ್ಯನಿಂದ ಎಷ್ಟು ಕೋನದಲ್ಲಿದೆ ಎಂಬುದನ್ನು ಅವಲಂಬಿಸಿದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಈ ಲೆನ್ಸ್‌ಗಳ ಮಟ್ಟಿಗೆ ಜಾಣತನ. ಬೇರೆ ಲೆನ್ಸ್‌ಗಿಂತ ಕಡಿಮೆ ಬಳಕೆಯಾಗಿ ಪೆಟ್ಟಿಗೆಯಲ್ಲೇ ಉಳಿದವು ಬಹಳ. ಪೆಟ್ಟಿಗೆಯಲ್ಲಿ ಉಳಿದದ್ದಕ್ಕೇ ಮಳೆಗಾಲದ ತೇವ ಸೇರಿ ಬೂಸ್ಟು ಹಿಡಿದಿರಬಹುದು. ಎರಡೂ ತುದಿಯ ಮುಚ್ಚಳ ತೆಗೆದು ಹಿಂದಿನಿಂದ ಫೋನಿನ ಟಾರ್ಚ್ ಬಿಟ್ಟು ನೋಡಿದರೆ ಜೇಡನ ಬಲೆಯಂಥ ಎಳೆಗಳು ಕಾಣುತ್ತವೆ. ಬಿದ್ದ ಲೆನ್ಸಿನೊಳಗಿನ ಗಾಜು ಜರುಗಿರುವುದು ಮಾತ್ರ ಹೀಗೆ ಕಾಣುವುದಿಲ್ಲ, ಅದಕ್ಕೆ ಚಿತ್ರ ತೆಗೆದೇ ನೋಡಬೇಕು. ಈ ಸೀಮೆಯಲ್ಲಿ ಅದಕ್ಕೆ ಬೇಕಾದ ಸಾಧನ ಎಲ್ಲೆಲ್ಲೂ ಇದೆ. ತಾಂಡೂರು ಕಲ್ಲಿನ ಚಪ್ಪಡಿಗಳನ್ನು ಕೂಡಿಸಿದ ಗೋಡೆಯೋ, ಬೀದರಿನ ಕೆಂಪು ಜಂಬಿಟ್ಟಿಗೆಯ ಗೋಡೆಯೋ ಸಾಕು. ಗೋಡೆಗೆ ನೇರವಾಗಿ, ಬಾಗಿಸದೆ, ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು 10 ಮಿ.ಮೀ.ನಲ್ಲಿ ಪೂರ್ತಿ ತೆರೆದ ಅಪರ್ಚರಿನಲ್ಲಿ ಒಂದು, ಎಫ್/8ರಲ್ಲಿ ಒಂದು ತೆಗೆಯಬೇಕು. ಸಂದುಗಳ ಗೆರೆ ಅಂಚಿನಲ್ಲಿ ಹೊಟ್ಟೆಯಂತೆ ಉಬ್ಬಿದ್ದರೆ ಚಿಂತೆಯಿಲ್ಲ, ಕಂಪ್ಯೂಟರಿನಲ್ಲಿ ನೆಟ್ಟಗಾಗುತ್ತದೆ. ನಾಲ್ಕು ಮೂಲೆಗಳೂ ಒಂದೇ ತೆರನಾಗಿ ಮಸುಕಾಗಿ ಎಫ್/8ರಲ್ಲಿ ತಿಳಿಯಾದರೆ ಅದು ಆ ಲೆನ್ಸಿನ ಹುಟ್ಟುಗುಣ. ಮೂರು ಮೂಲೆಯಲ್ಲಿ ಕಲ್ಲಿನ ಉಳಿಗುರುತು ಎಣಿಸುವಷ್ಟು ಸ್ಪಷ್ಟವಿದ್ದು ನಾಲ್ಕನೆಯದು ಎಫ್/8ರಲ್ಲೂ ಮಂಜಾಗಿಯೇ ಇದ್ದರೆ ಒಳಗಿನ ಗಾಜು ಜರುಗಿದೆ. ಅಂಥ ಲೆನ್ಸನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬಾರದು.